ಓಂಕಾರಪ್ಪನವರ ಸೂರು ದಾಟದ ಸಿಗ್ನಲ್

ಭದ್ರಾವತಿಯಲ್ಲಿ ಮನೆ ಕಟ್ಟುವಾಗ ಕಬ್ಬಿಣಕ್ಕೆ ಕೈ ಬಿಗಿ ಹಿಡಿದವನನ್ನು ಊರು ಮನುಷ್ಯ ಅಂತಲೇ ಎಣಿಸುವುದಿಲ್ಲ. ಬೇರೆ ಕಡೆ ಸೊಸೆಗೆ ಚಿನ್ನ ಎಷ್ಟು ಹಾಕಿದರು ಅಂತ ಕೇಳುತ್ತಾರೆ. ಇಲ್ಲಿ ತಾರಸಿಗೆ ಸರಳು ಎಷ್ಟು ಹಾಕಿದರು ಅಂತ ಕೇಳುತ್ತಾರೆ. ಓಲ್ಡ್ ಟೌನಿನ ಓಂಕಾರಪ್ಪನವರಂತೂ ರೋಲಿಂಗ್ ಮಿಲ್ಲಿನಲ್ಲಿ ಆಯುಷ್ಯ ಸವೆಸಿ ಫೋರ್‌ಮನ್ ಆಗಿ ಹೊರಬಂದವರು. ಮನೆಗೆ ಮಹಡಿ ಏರಿಸುವಾಗ ಒಂದರ ಮೇಲೊಂದು ಎರಡು ಪದರ ಸರಳು ಹೆಣೆಸಿದ್ದೂ ಸಾಲದೆ, ಹರಾಜಿನಲ್ಲಿ ಹಿಡಿದ ದಪ್ಪ ತಗಡುಗಳನ್ನು ಹಲಗೆಯ ಬದಲಿಗೆ ಹಾಸಿ, ಅದರ ಮೇಲೇ ಕಾಂಕ್ರೀಟು ಸುರಿಸಿದ್ದರು. ಸೆಂಟ್ರಿಂಗ್ ಬಿಚ್ಚಲು ಬಂದ ಮೇಸ್ತ್ರಿ "ತಗಡು ಕೀಳೋದಾ ಸ್ವಾಮಿ?" ಅಂದಾಗ, "ಕೀಳ್ತೀಯಾ? ಕಿತ್ತು ನೋಡು!" ಅಂತ ಎದೆ ಸೆಟೆಸಿದ್ದರಂತೆ. ತಗಡು ಅಲ್ಲೇ ಉಳಿಯಿತು. ಅದಕ್ಕೆ ಬಿಳಿ ಬಣ್ಣ ಬಳಿದರು. ಹಾಲಿನಲ್ಲಿ ಕೂತು ತಲೆಯೆತ್ತಿದರೆ ಹಡಗಿನ ಹೊಟ್ಟೆಯೊಳಗೆ ಕೂತ ಹಾಗೆ.

ಸೂರಿನ ಕೆಳಗೆ ಓಂಕಾರಪ್ಪನವರ ಸಂಸಾರ. ಸೂರಿನ ಮೇಲೆ ಒಂದೇ ಕೋಣೆ, ಅದು ಸೊಸೆ ದಾಕ್ಷಾಯಣಿಯ ಓದುಗರ ಬಳಗಕ್ಕೆ. ಭಾನುವಾರ ಭಾನುವಾರ ಅಲ್ಲಿ ಹೆಂಗಸರು ಸೇರುತ್ತಾರೆ, ಪುಸ್ತಕ ಓದುತ್ತಾರೆ, ಓದಿದ್ದರ ಮೇಲೆ ಜಗಳವಾಡುತ್ತಾರೆ, ಜಗಳ ಮುಗಿದ ಮೇಲೆ ಯಾವ ಕಚೇರಿಯ ಮುಂದೆ ಕೂರಬೇಕು ಅಂತ ತೀರ್ಮಾನ ಮಾಡುತ್ತಾರೆ. ಆ ಕೋಣೆಗೆ ಮನೆಯ ಒಳಗಿನಿಂದ ದಾರಿಯಿಲ್ಲ. ಕಾಂಪೌಂಡಿನ ಪಕ್ಕಕ್ಕೆ ಹೊರಗಿನಿಂದಲೇ ಮೆಟ್ಟಿಲು.

"ನಿನ್ನ ಸಂಘ ಮೇಲೆ, ನನ್ನ ಮನೆ ಕೆಳಗೆ. ಬರೋರು ಹೊರಗಿಂದ ಬಂದು ಹೊರಗಿಂದ ಹೋಗ್ಲಿ" ಎಂದು ಮಾವ ಅಪ್ಪಣೆ ಕೊಟ್ಟ ದಿನ ದಾಕ್ಷಾಯಣಿ ಗೆದ್ದೆ ಅಂದುಕೊಂಡಿದ್ದಳು. ಕೋಣೆ ಸಿಕ್ಕಿತಲ್ಲ! ಕೊಟ್ಟ ಕೋಣೆಯ ಜೊತೆಗೆ ಕೊಡದೆ ಉಳಿಸಿಕೊಂಡ ಹೊಸ್ತಿಲು ಎಷ್ಟು ದೊಡ್ಡದು ಎಂದು ಅವಳು ಕೇಳಿಕೊಂಡಿರಲಿಲ್ಲ. ಬಳಗದವರಲ್ಲಿ ಯಾರೂ ಕೇಳಿರಲಿಲ್ಲ.

ಎರಡು ಸಾವಿರದ ಒಂಬತ್ತರ ಆ ಭಾನುವಾರ ಕೇಳಿಕೊಳ್ಳುವ ಹೊತ್ತು ಬಂತು.

ಅವತ್ತು ಶಿವಮೊಗ್ಗದ ಆಲ್ಕೊಳದಲ್ಲಿ ಸಾರ್ವಜನಿಕ ಅಹವಾಲು ಇತ್ತು. ಗುತ್ತಿಗೆ ಕೆಲಸದ ಹೆಂಗಸರ ಕಷ್ಟ ಕೇಳಲು ಸಂಘಟನೆಗಳೆಲ್ಲ ಸೇರಿ ನಿವೃತ್ತ ನ್ಯಾಯಾಧೀಶರೊಬ್ಬರನ್ನು ಕರೆಸಿದ್ದವು. ಭದ್ರಾವತಿಯಿಂದ ಹೋಗಬೇಕಾದ ಸಾಕ್ಷಿ ದುರ್ಗಮ್ಮ. ಹೆದ್ದಾರಿ ಪಕ್ಕದ ಒಂದು ಫೌಂಡ್ರಿಯಲ್ಲಿ ಎರಕದ ಮರಳಿಗೆ ಜರಡಿ ಹಿಡಿಯುವ ಕೆಲಸ ಅವಳದು. ಅಚ್ಚು ಒಡೆದ ಮರಳಿನ ರಾಶಿ ಜರಿದು, ಅದರೊಳಗೆ ಇನ್ನೂ ಕೆಂಪಗಿದ್ದ ಕಬ್ಬಿಣ ಅವಳ ಬಲಗಾಲಿನ ಮೇಲೆ ಕೂತಿತ್ತು. ಕಾಲಿಗೆ ಇದ್ದದ್ದು ಹವಾಯಿ ಚಪ್ಪಲಿ. ಹೆಂಗಸರನ್ನು ಕೆಲಸಕ್ಕೆ ಒದಗಿಸುವ ಗುತ್ತಿಗೆದಾರ ಏಕಾಂತಪ್ಪ, "ದುರ್ಗಮ್ಮ ಅನ್ನೋಳು ಯಾರೋ ನಂಗೊತ್ತಿಲ್ಲ, ಮುಖ ಸೈತ ನೋಡಿಲ್ಲ. ಮನೇಲಿ ಒಲೆ ಮುಂದೆ ಸುಟ್ಕೊಂಡು ನನ್ನ ತಲೆಗೆ ಕಟ್ತಾವಳೆ" ಎಂದು ವಕೀಲನ ಬಾಯಲ್ಲಿ ಹೇಳಿಸಿ ಕೈ ತೊಳೆದುಕೊಂಡಿದ್ದ.

ಅವಳನ್ನು ಕಾರಿನಲ್ಲಿ ಕರೆದೊಯ್ಯುವ ಏರ್ಪಾಡೆಲ್ಲ ಆಗಿತ್ತು. ಬೆಳಗಾಗುವ ಹೊತ್ತಿಗೆ ಮಲವಗೊಪ್ಪದಲ್ಲಿ ಕಬ್ಬು ಬೆಳೆಗಾರರು ರಸ್ತೆಗೆ ಟ್ರ್ಯಾಕ್ಟರು ಅಡ್ಡ ನಿಲ್ಲಿಸಿ ಕೂತುಬಿಟ್ಟರು. ಅವರ ಬೆಂಬಲಕ್ಕೆ ಓಲ್ಡ್ ಟೌನಿನ ಅಂಗಡಿಗಳೂ ಬಾಗಿಲು ಹಾಕಿದವು. ಬೆಳಗಿನ ರೈಲು ಹೋಗಿಯಾಗಿತ್ತು. ಮುಂದಿನದು ಬರುವ ಹೊತ್ತಿಗೆ ನ್ಯಾಯಾಧೀಶರು ಆಲ್ಕೊಳ ಬಿಟ್ಟಿರುತ್ತಾರೆ.

"ರೋಗಿ ಅಂತ ಹೇಳಿದ್ರೆ ಬಿಡ್ತಾರೆ ಅಕ್ಕಾ, ಅವ್ರೇನು ರಾಕ್ಷಸರಾ?" ಎಂದಳು ಸುಪ್ರಿಯಾ. ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವ ಇವಳು ಬಳಗದಲ್ಲೆಲ್ಲ ಚುರುಕು.

ದುರ್ಗಮ್ಮ ಚಾಪೆಯ ಮೇಲೆ ಕಾಲು ಚಾಚಿ ಕೂತವಳು ತಲೆ ಅಲ್ಲಾಡಿಸಿದಳು. "ಬ್ಯಾಡ ಕಣವ್ವ. ಹೊಟ್ಟೆ ಉರ್ಕೊಂಡು ಕೂತವ್ರೆ. ಇವತ್ತು ಅವರ ತಡೆ ನಾನು ದಾಟ್ಕೊಂಡು ಹೋದ್ರೆ, ನಾಳೆ ನಾವು ಕೂತಾಗ ನಮ್ಮ ತಡೇಗೆ ಯಾರು ನಿಲ್ತಾರೆ? ನಾನು ದಾಟಲ್ಲ."

ಅಷ್ಟು ಪುಸ್ತಕ ಓದಿದ ಕೋಣೆಗೆ ಈ ಮಾತು ಹೊಳೆದಿರಲಿಲ್ಲ. ಆಮೇಲೆ ಸುಪ್ರಿಯಾ ಎದ್ದು ಕುಣಿದೇ ಬಿಟ್ಟಳು. "ಹೋಗೋದೇ ಬ್ಯಾಡ! ಇಲ್ಲಿಂದ್ಲೇ ಮಾತಾಡ್ಲಿ! ಮುಖ ಕಾಣೋ ಹಂಗೆ, ಇಂಟರ್ನೆಟ್ಟಲ್ಲಿ! ಕಾಲೇಜಿನ ಲ್ಯಾಪ್‌ಟಾಪ್ ನನ್ನತ್ರ ಐತಲ್ಲ, ಅದಕ್ಕೆ ಕ್ಯಾಮೆರಾನೂ ಐತೆ. ಅಕ್ಕಾ, ನಿಮ್ಮನೇಗೆ ಮೊನ್ನೆ ಬ್ರಾಡ್‌ಬ್ಯಾಂಡ್ ಹಾಕ್ಸಿದ್ರಲ್ಲ, ವೈರ್ ಇಲ್ದೇ ಬರುತ್ತೆ ಅಂತಿದ್ರಿ?"

ಹಾಕಿಸಿದ್ದು ನಿಜ. ದಾಕ್ಷಾಯಣಿಯ ಗಂಡ ವೀರೇಂದ್ರ ಹಾಕಿಸಿ, ಒಂದು ಸಂಜೆ ಕ್ರಿಕೆಟ್ ಸ್ಕೋರು ನೋಡಿ, ಕಾರ್ಖಾನೆಯ ಪಾಳಿಗೆ ಹೋದವನು ಮತ್ತೆ ಅದರ ತಂಟೆಗೆ ಬಂದಿರಲಿಲ್ಲ. ಮೋಡೆಮ್ ಅನ್ನುವ ಆ ಪುಟ್ಟ ಕಪ್ಪು ಡಬ್ಬಿ ಹಾಲಿನಲ್ಲಿ, ಓಂಕಾರಪ್ಪನವರ ಆರಾಮ ಕುರ್ಚಿಯ ಪಕ್ಕ, ಟೆಲಿಫೋನಿನ ಜೊತೆ ಸ್ಟೂಲಿನ ಮೇಲೆ ಕಣ್ಣು ಮಿಟುಕಿಸುತ್ತ ಕೂತಿತ್ತು. ದಾಕ್ಷಾಯಣಿ ಮೊಬೈಲಿನಲ್ಲಿ ಆಲ್ಕೊಳದ ವಸಂತಮ್ಮನಿಗೆ ವಿಷಯ ಮುಟ್ಟಿಸಿದಳು. ವಸಂತಮ್ಮ ಶಿವಮೊಗ್ಗ ಬಳಗದ ಹಿರಿಯಾಕೆ. ಅಹವಾಲಿನ ಉಸ್ತುವಾರಿಯೆಲ್ಲ ಆಕೆಯದೇ.

"ಬರೀ ಫೋನಲ್ಲಿ ಆಗಲ್ಲ ಮಾರಾಯ್ತಿ. ಏಕಾಂತಪ್ಪನ ವಕೀಲ ಇಲ್ಲೇ ಕೂತವ್ನೆ. ಯಾರ ದನಿಯೋ ಏನೋ ಅಂತಾನೆ. ಮುಖ ಕಾಣ್ಬೇಕು, ಕಾಲು ಕಾಣ್ಬೇಕು ಅಂತ ಸಾಹೇಬ್ರೂ ಹೇಳ್ತಿದಾರೆ. ಇಲ್ಲಿ ಎಲ್ಲಾ ಜೋಡಿಸ್ತೀನಿ. ನೀನು ಅಲ್ಲಿಂದ ಬೇಗ ಬಾ!"

"ಬಂದೇ ಬರ್ತೀವಿ ವಸಂತಕ್ಕ!"

ಹೇಳುವುದೇನು, ಹೇಳಿಬಿಟ್ಟಳು. ಲ್ಯಾಪ್‌ಟಾಪು ತೆರೆದರೆ ಸಿಗ್ನಲ್ಲಿನ ಗೀಟುಗಳಲ್ಲಿ ಒಂದೂ ಇಲ್ಲ. ಸುಪ್ರಿಯಾ ಅದನ್ನು ನೆಲಕ್ಕೆ ಇಟ್ಟು ನೋಡಿದಳು, ಕಪಾಟಿನ ಮೇಲಿಟ್ಟು ನೋಡಿದಳು, ಎದೆಗವುಚಿಕೊಂಡು ಮೂಲೆಯಿಂದ ಮೂಲೆಗೆ ಸುತ್ತಿದಳು. ಕೆಳಗೆ ಹಾಲಿನಲ್ಲಿ ಡಬ್ಬಿ ಉರಿಯುತ್ತಿದೆ. ಮೇಲೆ ಕಿಡಿಯೂ ಇಲ್ಲ.

ದಾಕ್ಷಾಯಣಿ ಮೆಟ್ಟಿಲು ಇಳಿದು ಹಾಲಿಗೆ ಓಡಿದಳು. ಓಡಿದವಳು ಬಾಗಿಲಲ್ಲೇ ನಿಂತುಬಿಟ್ಟಳು. ಮಾವನ ಎದುರಿನ ಬೆತ್ತದ ಕುರ್ಚಿಯಲ್ಲಿ ಏಕಾಂತಪ್ಪ!

ಬರುವುದೇನೂ ಹೊಸದಲ್ಲ. ಮಾವನ ಹಳೆಯ ಮಿಲ್ಲಿನ ಒಡನಾಡಿ. ಕೆಲಸ ಬಿಟ್ಟು ಗುತ್ತಿಗೆ ಹಿಡಿದು ಕೈತುಂಬ ಉಂಗುರ ಹಾಕಿಕೊಂಡವನು. ಆದರೆ ಇವತ್ತು ಇವನು ಆಲ್ಕೊಳದಲ್ಲಿರಬೇಕಿತ್ತು.

"ರಸ್ತೆ ಬಂದ್ ಮಾಡ್ಬಿಟ್ಟವ್ರೆ ಓಂಕಾರಣ್ಣ, ಅದಕ್ಕೇ ಇಲ್ಲಿ ಬಂದೆ. ಒಂಥರಾ ಒಳ್ಳೇದೇ ಆತು ಬಿಡು" ಅನ್ನುತ್ತಿದ್ದ. "ಆಲ್ಕೊಳದಲ್ಲಿ ನನ್ನ ಮೇಲೆ ಏನೋ ನಾಟಕ ಇಟ್ಕೊಂಡಿದ್ರು. ಯಾವಳೋ ಮನೇಲಿ ಒಲೆ ಮುಂದೆ ಸುಟ್ಕೊಂಡು ನನ್ನ ತಲೆಗೆ ಕಟ್ತಾವಳೆ. ಸಾಕ್ಷಿ ಹೇಳೋಳೂ ಹೋಗೋಕಾಗಲ್ಲ, ನಾನೂ ಹೋಗೋ ಹಂಗಿಲ್ಲ. ಹಹ್ಹಾ! ನಾಟಕ ಪರದೆ ಏಳೋಕೆ ಮುಂಚೇನೇ ಮುಗೀತು."

ತಲೆಯ ಮೇಲೆ ಆ ಸಾಕ್ಷಿ ಕಾಲು ಚಾಚಿ ಕೂತಿರುವುದು ಅವನಿಗೆ ಗೊತ್ತಿಲ್ಲ. ಹೊರಗಿನ ಮೆಟ್ಟಿಲಿನಲ್ಲಿ ಬಂದವರು ಕೆಳಗಿನವರಿಗೆ ಕಾಣುವುದಿಲ್ಲ. ಮೆಟ್ಟಿಲು ಕಟ್ಟಿಸಿದ್ದೇ ಅದಕ್ಕಲ್ಲವೇ!

"ಏನಮ್ಮ, ಏದುಸಿರು ಬಿಡ್ತಿದೀಯ?" ಎಂದರು ಓಂಕಾರಪ್ಪ.

"ಮಾವ, ಶಿವಮೊಗ್ಗದವರ ಜೊತೆ ಕಂಪ್ಯೂಟರಲ್ಲಿ ಮಾತಾಡ್ಬೇಕು. ಮೇಲೆ ಸಿಗ್ನಲ್ಲೇ ಬರ್ತಿಲ್ಲ. ಡಬ್ಬಿ ಸ್ವಲ್ಪ ಎತ್ತರಕ್ಕಿಡ್ಲಾ?"

ಯಂತ್ರದ ಸುದ್ದಿ ಕಿವಿಗೆ ಬಿದ್ದದ್ದೇ ಓಂಕಾರಪ್ಪನವರ ಬೆನ್ನು ನೆಟ್ಟಗಾಯಿತು. ನಿವೃತ್ತಿಯಾದ ಮೇಲೆ ಅವರ ಕೈಗೆ ಇಂಥ ಹಬ್ಬ ಸಿಕ್ಕಿರಲಿಲ್ಲ. "ಇಡ್ಲಾ ಅಂತ ಕೇಳ್ತೀಯಲ್ಲ! ಏಕಾಂತಪ್ಪ, ಏಳು, ಆ ಸ್ಟೂಲು ಹಿಡ್ಕೋ." ಶೋಕೇಸಿನ ಮೇಲಿದ್ದ ಗೊಂಬೆಗಳನ್ನು ಪಕ್ಕಕ್ಕೆ ತಳ್ಳಿ ಡಬ್ಬಿಯನ್ನು ಅಲ್ಲಿಟ್ಟರು. ಸೂರಿಗೆ ಅಂಗೈ ಅಂತರ. "ಮೇಲಿನವರಿಗೆ ಇನ್ನೇನು ಹತ್ರ? ಕೈ ಚಾಚಿದ್ರೆ ಸಿಗುತ್ತೆ. ಕೇಳು."

"ಸುಪ್ರಿಯಾ, ಬಂತಾ?" ದಾಕ್ಷಾಯಣಿ ಅಂಗಳಕ್ಕೆ ಹೋಗಿ ಕೂಗಿದಳು.

"ಇಲ್ಲ ಅಕ್ಕಾ! ಮುಂಚೆ ಪಟ್ಟೀಲಿ ಡಬ್ಬಿ ಹೆಸರಾದ್ರೂ ಕಾಣ್ತಿತ್ತು, ಈಗ ಅದೂ ಇಲ್ಲ!"

ಹತ್ತಿರ ಹೋದಷ್ಟೂ ದೂರ! ಓಂಕಾರಪ್ಪ ಸೂರನ್ನೇ ದಿಟ್ಟಿಸಿದರು. ಬೆರಳು ಮಡಿಸಿ ತಗಡಿಗೆ ಕುಟ್ಟಿದರು. ಠಣ್ ಅಂದಿತು. ಅವರ ಮುಖದ ಮೇಲೆ ಮೊದಲು ಅನುಮಾನ, ಆಮೇಲೆ ತಿಳಿವು, ಆಮೇಲೆ ಮದುವಣಿಗನ ಕಳೆ ಮೂಡಿತು.

"ಲೇ ಏಕಾಂತಪ್ಪ! ಇದು ನನ್ನ ತಗಡು ಕಣೋ ತಡೀತಿರೋದು! ಗಾಳೀಲಿ ಹೋಗೋದನ್ನೂ ನಿಲ್ಸಿಬಿಟ್ಟಿದೆ ನೋಡು! ಎಂಥಾ ಸ್ಲ್ಯಾಬು ಹಾಕಿದೀನಿ, ಆಂ?"

"ನಿನ್ನ ಸ್ಲ್ಯಾಬಿಗೆ ಬಾಂಬ್ ಹಾಕಿದ್ರೂ ಬಾಂಬೇ ಒಡ್ದೋಗುತ್ತೆ ಬಿಡಣ್ಣ."

"ಮಾವ, ಸ್ಲ್ಯಾಬು ಆಮೇಲೆ ಹೊಗಳೋಣ" ಎಂದಳು ದಾಕ್ಷಾಯಣಿ. ಕೈಯಲ್ಲಿ ಮೊಬೈಲು ಬಡಿದುಕೊಳ್ಳುತ್ತಿತ್ತು, ವಸಂತಮ್ಮನದೇ. "ಊಟ ಆದ್ಮೇಲೆ ನಮ್ದೇ ಸರದಿಯಂತೆ. ಏನಾದ್ರೂ ಮಾಡಿ."

"ಮಾಡ್ತೀನಿ ಇರಮ್ಮ. ಕಬ್ಬಿಣದ ಗುಣ ನಂಗೊತ್ತಿಲ್ವಾ? ನೆಟ್ಟಗೆ ತೂರ್ಕೊಂಡು ಹೋಗಲ್ಲ ಅಂದ್ರೆ ಸುತ್ತಿ ಬಳಸಿ ಹೋಗ್ಬೇಕು. ಕಿಟಕಿಯಿಂದ ಹೊರಗೆ ಬಿಡೋಣ. ಹೊರಗಿಂದ ಮೇಲೆ ಹೋಗುತ್ತೆ."

ಸಿಗ್ನಲ್ಲಿನ ಅಲೆಗೂ ಹೊರಗಿನ ಮೆಟ್ಟಿಲೇ ಗತಿಯಾಯಿತು ಅಂತ ದಾಕ್ಷಾಯಣಿಯ ಮನಸ್ಸಿಗೆ ಮುಳ್ಳಿನ ಹಾಗೆ ಚುಚ್ಚಿತು. ಆದರೆ ಕೀಳಲು ಹೊತ್ತಿರಲಿಲ್ಲ.

ಫೋನಿನ ವೈರು ಎಳೆದಷ್ಟು ಎಳೆದು ಡಬ್ಬಿಯನ್ನು ಮುಂದಿನ ಕಿಟಕಿಯ ಸರಳಿಗೆ ಒರಗಿಸಿದರು. ಇನ್ನೂ ಉದ್ದದ ವೈರು ತರೋಣವೆಂದರೆ ಅಂಗಡಿಗಳೆಲ್ಲ ಬಂದ್. ಓಂಕಾರಪ್ಪ ಅಡುಗೆಮನೆಗೆ ನುಗ್ಗಿ, ಮದುವೆ ಮುಂಜಿಗೆ ಹಿಟ್ಟು ಕಲಸುವ ದೊಡ್ಡ ಸ್ಟೀಲ್ ಪರಾತವನ್ನು ದಡಬಡ ಎಳೆದು ತಂದರು. "ಬ್ಯಾಟರಿ ಲೈಟಿನ ಹಿಂದೆ ಕನ್ನಡಿ ಇರಲ್ವಾ? ಹಂಗೇ ಇದು. ಏಕಾಂತಪ್ಪ, ಡಬ್ಬಿ ಹಿಂದೆ ಪರಾತ ಹಿಡಿ. ಓರೆಯಾಗಿ. ಇನ್ನೂ ಓರೆ. ಹಾಂ, ಅಲ್ಲಾಡ್ಬೇಡ!"

ದಾಕ್ಷಾಯಣಿಗೆ ನಗು ಉಕ್ಕಿ ಬಂದದ್ದನ್ನು ಸೆರಗಿನಲ್ಲಿ ಒತ್ತಿ ಹಿಡಿಯಬೇಕಾಯಿತು. ಬೆರಳಿಗೊಂದು ಉಂಗುರದ ಗುತ್ತಿಗೆದಾರ, ತನ್ನ ಮೇಲಿನ ಅಹವಾಲಿಗೆ ತಾನೇ ಪರಾತ ಹಿಡಿದು ನಿಂತಿದ್ದಾನೆ! ಈ ಲೋಕದಲ್ಲಿ ಉಳ್ಳವನ ಕೈಯಿಂದ ಹೀಗೆ ಪುಕ್ಕಟೆ ಬೆವರು ಹರಿದದ್ದನ್ನು ಅವಳು ಯಾವ ಪುಸ್ತಕದಲ್ಲೂ ಓದಿರಲಿಲ್ಲ.

"ಬಂತು!" ಮೇಲಿನಿಂದ ಕಿರುಚಾಟ. "ಅಕ್ಕಾ, ಒಂದು ಗೀಟು ಬಂತು! ಬಾಲ್ಕನಿ ಕಂಬಿ ಆಚೆ ಹಿಡಿದ್ರೆ ಬರ್ತಿದೆ!"

ದಾಕ್ಷಾಯಣಿ ಮೆಟ್ಟಿಲು ಹಾರಿ ಹಾರಿ ಹತ್ತಿದಳು. ಸುಪ್ರಿಯಾ ಬಾಲ್ಕನಿಯ ಕಂಬಿಯ ಆಚೆಗೆ ಎರಡೂ ಕೈ ಚಾಚಿ ಲ್ಯಾಪ್‌ಟಾಪನ್ನು ಗಾಳಿಯಲ್ಲಿ ತೂಗಿ ಹಿಡಿದಿದ್ದಳು. ಪರದೆಯ ಮೇಲೆ ವಸಂತಮ್ಮನ ಮುಖ ಚೌಕ ಚೌಕವಾಗಿ ಒಡೆದು ಕೂಡಿಕೊಳ್ಳುತ್ತಿತ್ತು. ಮೂಗು ಒಂದು ಕಡೆ, ಕುಂಕುಮ ಒಂದು ಕಡೆ.

"ಕಾಣ್ತಿ... ದಾಕ್ಷಾ... ದುರ್ಗ... ಕರ್ಕೊಂ..."

"ದುರ್ಗಮ್ಮ, ಬಾ ಬಾ! ಇಲ್ಲಿ ನಿಂತ್ಕೋ!"

ದುರ್ಗಮ್ಮ ಗೋಡೆ ಹಿಡಿದು, ಸುಟ್ಟ ಕಾಲನ್ನು ನೆಲಕ್ಕೆ ತಾಕಿಸದೆ ಕುಂಟುತ್ತ ಬಾಲ್ಕನಿಗೆ ಬಂದಳು. ಕಂಬಿಗೆ ಬಗ್ಗಿದಳು. ಮುಖ ಕಾಣಬೇಕಾದರೆ ಇನ್ನೂ ಬಗ್ಗಬೇಕು. ಕಾಲು ಕಾಣಬೇಕಾದರೆ ಆ ಕಾಲನ್ನೇ ಕಂಬಿಯ ಮೇಲೆ ಎತ್ತಿಡಬೇಕು.

"ಏನ್ ಅವ್ವಾ, ಸರ್ಕಸ್ಸಿಗೆ ಸೇರಿಸ್ತಿದೀರಾ ನನ್ನ?" ಅಂತ ನಕ್ಕಳು. ನಗುತ್ತಲೇ ನೋವಿಗೆ ತುಟಿ ಕಚ್ಚಿದಳು. ಅಷ್ಟರಲ್ಲಿ ಕೆಳಗೆ ಏಕಾಂತಪ್ಪನ ತೋಳು ಸೋತಿರಬೇಕು. ಪರಾತ ಅಲ್ಲಾಡಿತು, ವಸಂತಮ್ಮ ಮಾಯವಾದಳು.

"ಹಿಡಿಯೋ ನೆಟ್ಟಗೆ! ಒಂದು ಪರಾತ ಹಿಡಿಯೋಕಾಗಲ್ವಾ?" ಕೆಳಗೆ ಓಂಕಾರಪ್ಪನವರ ಗದರಿಕೆ. ಮತ್ತೆ ಒಂದು ಗೀಟು. ಮತ್ತೆ ಅರ್ಧ ಮುಖ. ಮತ್ತೆ ಕತ್ತಲೆ. ಮೊಬೈಲು ಬಡಿದುಕೊಂಡಿತು.

"ಮಾರಾಯ್ತಿ, ಸಾಹೇಬ್ರು ಕೂತಾಯ್ತು. ವಕೀಲ ನಗಾಡ್ತಿದಾನೆ. ಸಾಕ್ಷಿ ಇಲ್ಲ ಅಂತ ಬರ್ಕೊಳ್ಳಿ ಅಂತಿದಾನೆ. ಕೇಳಿಸ್ತಾ? ಸಾಕ್ಷಿ ಇಲ್ಲ ಅಂತೆ!"

ದಾಕ್ಷಾಯಣಿ ದುರ್ಗಮ್ಮನನ್ನು ನೋಡಿದಳು. ಮಾಳಿಗೆಯ ಅಂಚಿನಲ್ಲಿ, ಬಿಸಿಲಲ್ಲಿ, ಒಂಟಿ ಕಾಲಿನಲ್ಲಿ ಕೊಕ್ಕರೆಯ ಹಾಗೆ ನಿಂತಿದ್ದಾಳೆ. ಯಾಕೆ? ಡಬ್ಬಿ ಇರುವುದು ಹಾಲಿನಲ್ಲಿ. ಹಾಲಿನಲ್ಲಿ ಕುರ್ಚಿ ಇದೆ, ಫ್ಯಾನು ಇದೆ, ಸಿಗ್ನಲ್ಲು ತುಂಬಿ ತುಳುಕುತ್ತಿದೆ. ಬೆಳಗಿನಿಂದ ತಗಡು ಕುಟ್ಟಿದ್ದಾಯಿತು, ಪರಾತ ತಿರುಗಿಸಿದ್ದಾಯಿತು, ಲ್ಯಾಪ್‌ಟಾಪು ಗಾಳಿಗೆ ನೇತುಹಾಕಿದ್ದಾಯಿತು. ಅಲೆಯನ್ನು ಹೊಳೆ ದಾಟಿಸುವ ಹುಮ್ಮಸ್ಸಿನಲ್ಲಿ ಓಡಾಡಿದ ಇಷ್ಟೂ ಜನರಲ್ಲಿ, ದುರ್ಗಮ್ಮನನ್ನು ಕೆಳಗೆ ಕರೆದುಕೊಂಡು ಹೋಗಿ ಕೂರಿಸೋಣ ಎಂದು ಒಬ್ಬರ ಬಾಯಲ್ಲೂ ಬರಲಿಲ್ಲ. ಸುಪ್ರಿಯಾಳ ಬಾಯಲ್ಲಿ ಬರಲಿಲ್ಲ. ತನ್ನ ಬಾಯಲ್ಲೂ! ಕೇರಿಯ ಹೆಂಗಸು ಹಾಲಿಗೆ ಬರುವಂತಿಲ್ಲ ಎಂದು ಮಾವ ಒಂದು ಸಲವೂ ಬಿಡಿಸಿ ಹೇಳಿದ್ದಿಲ್ಲ. ಹೇಳುವ ಅಗತ್ಯವೇ ಬೀಳದ ಹಾಗೆ ಮೆಟ್ಟಿಲು ಕಟ್ಟಿಸಿದ್ದರು. ತಾನು ಆ ಮೆಟ್ಟಿಲು ಹತ್ತಿ ಮೇಲೆ ಹೋಗಿ ಸಮಾನತೆಯ ಪುಸ್ತಕ ಬಿಚ್ಚುತ್ತಿದ್ದಳು.

ಥೂ, ಅಂದುಕೊಂಡಳು. ಸಿಟ್ಟು ಅಂಗಾಲಿನಿಂದ ನೆತ್ತಿಗೆ ಏರಿತು. ಸಿಟ್ಟಿನ ಜೊತೆಗೇ ಒಂದು ಹಿಗ್ಗೂ ಏರಿತು.

"ಕೊಡು ಇಲ್ಲಿ ಅದನ್ನ" ಎಂದು ಲ್ಯಾಪ್‌ಟಾಪು ಕಸಿದುಕೊಂಡಳು. "ಸುಪ್ರಿಯಾ, ದುರ್ಗಮ್ಮನ ತೋಳು ಹಿಡ್ಕೋ. ಕೆಳಗೆ ಹೋಗೋಣ."

"ಕೆಳಗೆ ಅಂದ್ರೆ?"

"ಕೆಳಗೆ ಅಂದ್ರೆ ಕೆಳಗೆ. ಹಾಲಿಗೆ."

"ಅಕ್ಕಾ, ಅಲ್ಲಿ ಏಕಾಂತಪ್ಪ..."

"ಇದ್ರೆ ಇರ್ಲಿ. ಅವ್ನೇನು ಹುಲೀನಾ?"

ದುರ್ಗಮ್ಮ ಮಾತ್ರ ಗೋಡೆ ಬಿಡಲಿಲ್ಲ. "ಬ್ಯಾಡ ದಾಕ್ಷಾಯಣಕ್ಕ. ಅಪ್ಪಾರು ಏನಂತಾರೋ. ನನ್ನಿಂದ ನಿಮ್ಮನೇಲಿ ರಾದ್ಧಾಂತ ಬ್ಯಾಡ."

"ಬೆಳಿಗ್ಗೆ ರೈತರ ತಡೆ ದಾಟಲ್ಲ ಅಂದೆ, ಒಪ್ಕೊಂಡೆ. ಅದು ನ್ಯಾಯದ ತಡೆ. ಈ ಹೊಸ್ತಿಲೂ ನ್ಯಾಯದ್ದಾ? ನೀನೇ ಹೇಳು."

ದುರ್ಗಮ್ಮ ಅವಳ ಮುಖವನ್ನೇ ನೋಡಿದಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಸುಪ್ರಿಯಾಳ ಭುಜಕ್ಕೆ ಕೈ ಹಾಕಿದಳು. "ನಡಿ ಹಂಗಾರೆ. ಆಮ್ಯಾಲೆ ಸಗಣಿ ಹಾಕಿ ಸಾರಿಸೋ ಕೆಲ್ಸ ನಿಂದೇ ಕಣಕ್ಕ."

"ಮೊಸಾಯಿಕ್ ನೆಲ ಕಣೇ, ಸಗಣಿ ಹಿಡಿಯಲ್ಲ!"

ಮೂವರೂ ನಗುತ್ತಲೇ ಮೆಟ್ಟಿಲಿಳಿದರು. ಒಂದೊಂದು ಮೆಟ್ಟಿಲಿಗೂ ದುರ್ಗಮ್ಮ ಉಸಿರು ಬಿಗಿಹಿಡಿಯುತ್ತಿದ್ದಳು. ದಾಕ್ಷಾಯಣಿ ಲ್ಯಾಪ್‌ಟಾಪನ್ನು ತೆರೆದೇ ಎದೆಗಾನಿಸಿಕೊಂಡು, ಮಗುವನ್ನು ಎತ್ತಿಕೊಂಡ ಹಾಗೆ ಬಂದಳು. ಅಂಗಳ ಸುತ್ತಿ ಮುಂಬಾಗಿಲಿಗೆ ಬರುತ್ತಿದ್ದ ಹಾಗೆ ಗೀಟುಗಳು ಒಂದರ ಪಕ್ಕ ಒಂದು ಎದ್ದು ನಿಂತವು. ಹೊಸ್ತಿಲ ಬಳಿ ಸಾಲು ಭರ್ತಿ! ಕರೆ ತಾನಾಗಿ ಕೂಡಿಕೊಂಡಿತು. ಪರದೆಯಲ್ಲಿ ವಸಂತಮ್ಮ ಇಡಿಯಾಗಿ, ಮೂಗು ಕುಂಕುಮ ಎಲ್ಲ ಅದರದರ ಜಾಗದಲ್ಲಿ. ಅವಳ ಹಿಂದೆ ಉದ್ದ ಮೇಜು, ಬಿಳಿ ತಲೆಯ ನ್ಯಾಯಾಧೀಶರು, ಕರಿ ಕೋಟಿನ ವಕೀಲ, ಸಾಲು ಸಾಲು ಹೆಂಗಸರು. ವಸಂತಮ್ಮ ಬಾಯಿಗೆ ಬೆರಳಿಟ್ಟು, ಇನ್ನೊಂದು ಕೈಯಿಂದ ತನ್ನ ಹಿಂದಿದ್ದ ಗೋಡೆಯನ್ನು ತೋರಿಸಿದಳು. ಅಲ್ಲಿ ಬಿಳಿ ಬಟ್ಟೆ ಕಟ್ಟಿ, ಇಲ್ಲಿಯ ಚಿತ್ರವನ್ನು ದೊಡ್ಡದಾಗಿ ಬಿಟ್ಟಿದ್ದರು. ದಾಕ್ಷಾಯಣಿ ಪರದೆಯನ್ನು ಹಾಲಿನ ಕಡೆಗೆ ತಿರುಗಿಸಿ ಎದೆಗೆ ಹಿಡಿದಳು. ನೂರಾರು ಕಣ್ಣು ಓಂಕಾರಪ್ಪನವರ ಹಾಲಿನೊಳಕ್ಕೆ ನೋಡುತ್ತಿದ್ದವು.

ಹಾಲಿನೊಳಗೆ ಇದ್ಯಾವುದೂ ಗೊತ್ತಿಲ್ಲ. ಏಕಾಂತಪ್ಪ ಕಿಟಕಿಗೆ ಮುಖ ಮಾಡಿ, ಅಂಗಳ ಕಾಣದ ಹಾಗೆ ಮುಖಕ್ಕೆ ಅಡ್ಡ ಪರಾತ ಹಿಡಿದೇ ನಿಂತಿದ್ದ. ಸುಪ್ರಿಯಾಳ ತೋಳಿಗೆ ಜೋತು ದುರ್ಗಮ್ಮ ಹೊಸ್ತಿಲು ದಾಟಿದಳು. ಕಾಲೆಳೆಯುವ ಸದ್ದಿಗೆ ಅವನು ತಿರುಗಿದ. ನೋಡಿದ. ನೋಡಿದ್ದೇ, ದಿನಾ ಬೆಳಗಾದರೆ ಫೌಂಡ್ರಿ ಗೇಟಿನಲ್ಲಿ ಬರುವ ಬೈಗುಳ ತಾನಾಗಿ ಬಾಯಿಗೆ ಬಂತು.

"ಏ ದುರ್ಗಿ! ಇಲ್ಲೇನೇ ನಿಂಗೆ ಕೆಲ್ಸ? ಕಾಲು ಸುಟ್ಕೊಂಡೋಳು ಮನೇಲಿ ಬಿದ್ದಿರು, ಆರಿದ್ಮೇಲೆ ಮತ್ತೆ ಜರಡಿಗೆ ಹಾಕ್ತೀನಿ, ಬಾಯಿ ಮುಚ್ಕೊಂಡಿರು ಅಂತ ಹೇಳಿ ಕಳ್ಸಿರ್ಲಿಲ್ವೇನೇ ನಿಂಗೆ?"

ದುರ್ಗಮ್ಮ ಹಿಂದೆ ಸರಿಯಲಿಲ್ಲ.

ದಾಕ್ಷಾಯಣಿಯ ಎದೆಯ ಮೇಲಿದ್ದ ಲ್ಯಾಪ್‌ಟಾಪಿನೊಳಗಿನಿಂದ ಒಂದು ವಯಸ್ಸಾದ ದನಿ, ನಿಧಾನವಾಗಿ, ಸ್ಪಷ್ಟವಾಗಿ ಕೇಳಿಸಿತು. "ಈಗ ಮಾತಾಡಿದವರು ಯಾರು?"

ಏಕಾಂತಪ್ಪ ಅತ್ತಿತ್ತ ನೋಡಿದ. ಯಾರು ಮಾತಾಡಿದ್ದು, ಎಲ್ಲಿಂದ? ಪರಾತ ಅವನ ಕೈಯಲ್ಲಿ ಇನ್ನೂ ಓರೆಯಾಗಿಯೇ ಇತ್ತು.

ದುರ್ಗಮ್ಮ ಪರದೆಯ ಕಡೆ ತಿರುಗಿ ಕೈಮುಗಿದಳು. "ಇವರೇ ಸ್ವಾಮಿ, ಏಕಾಂತಪ್ಪಾರು. ನನ್ನ ಮುಖ ಸೈತ ನೋಡಿಲ್ಲ ಅಂದೋರು."

ಆಲ್ಕೊಳದಲ್ಲಿ ಎದ್ದ ಗದ್ದಲಕ್ಕೆ ಲ್ಯಾಪ್‌ಟಾಪಿನ ಸ್ಪೀಕರು ಗರಗರ ಅಂದಿತು. ಹೆಂಗಸರು ಚಪ್ಪಾಳೆ ತಟ್ಟುತ್ತಿದ್ದರು, ಯಾರೋ ಸಿಳ್ಳೆ ಹಾಕಿದರು. ಕರಿ ಕೋಟಿನವನು ಎದ್ದು "ಇದು, ಇದು..." ಎಂದು ತಡವರಿಸಿದ. ನ್ಯಾಯಾಧೀಶರು ಮೇಜು ಕುಟ್ಟಿದರು. "ಕೂತ್ಕೊಳ್ಳಿ ವಕೀಲರೇ. ನಿಮ್ಮ ಕಕ್ಷಿದಾರರು ಆಡಿದ ಮಾತು ಆಡಿದ ಹಾಗೇ ದಾಖಲಾಗಲಿ."

ಪರಾತ ನೆಲಕ್ಕೆ ಬಿದ್ದು ಗಿರಗಿರ ಸುತ್ತಿತು. ಏಕಾಂತಪ್ಪನಿಗೆ ಈಗ ಅರ್ಥವಾಗಿತ್ತು. "ಓಂಕಾರಣ್ಣ! ಇದೇನಿದು? ನಿನ್ನ ಮನೇಗೆ ಕರೆಸ್ಕೊಂಡು ನನ್ನ ಮರ್ಯಾದೆ ಕಳೀತೀಯಾ? ನಿನ್ನ ಸೊಸೆ ಕೇರಿಯೋಳನ್ನ ತಂದು ನಡುಮನೇಲಿ ನಿಲ್ಸವ್ಳೆ, ನೀನು ನೋಡ್ಕೊಂಡು ಕೂತಿದೀಯ!"

ದಾಕ್ಷಾಯಣಿ ಮಾವನ ಕಡೆ ತಿರುಗಿದಳು. ಇವರು ಈಗ 'ಹೊರಗೆ ಹೋಗಿ' ಅಂದರೆ ತಾನೂ ಹೊರಗೆ ಹೋಗುವವಳೇ. ಆದರೆ ದುರ್ಗಮ್ಮ ಮಾತು ಮುಗಿಸಿದ ಮೇಲೆ. ಅದನ್ನು ಹೇಳಲು ಬಾಯಿ ತೆರೆದಳು.

ಓಂಕಾರಪ್ಪ ಅವಳನ್ನು ನೋಡುತ್ತಿರಲಿಲ್ಲ. ಏಕಾಂತಪ್ಪನನ್ನೂ ನೋಡುತ್ತಿರಲಿಲ್ಲ. ಮುಖ ಗಂಟಿಕ್ಕಿಕೊಂಡು, ತಮ್ಮ ನುಣುಪು ನೆಲದ ಮೇಲೆ ನಿಂತಿದ್ದ ದುರ್ಗಮ್ಮನ ಪಾದವನ್ನು ನೋಡುತ್ತಿದ್ದರು. ಮೆಟ್ಟಿಲಿಳಿಯುವಾಗ ಬ್ಯಾಂಡೇಜು ಸಡಿಲಾಗಿ ಜಾರಿತ್ತು. ಹಿಮ್ಮಡಿಯಿಂದ ಬೆರಳ ತನಕ ಚರ್ಮ ಇದ್ದ ಜಾಗದಲ್ಲಿ ಚರ್ಮವಿರಲಿಲ್ಲ. ಓಂಕಾರಪ್ಪ ಎದ್ದು ಎರಡು ಹೆಜ್ಜೆ ಮುಂದೆ ಬಂದರು, ಬಗ್ಗಿ ನೋಡಿದರು. ಕಾದ ಕಬ್ಬಿಣ ಮೈಯನ್ನು ಹೇಗೆ ತಿನ್ನುತ್ತದೆ ಎಂಬುದನ್ನು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

"ಒಲೆ ಮುಂದೆ ಸುಟ್ಕೊಂಡಳು ಅಂದೆ" ಎಂದರು ಮೆಲ್ಲಗೆ. "ಇದು ಒಲೆಯಲ್ಲ ಏಕಾಂತಪ್ಪ. ಇದು ಎರಕ. ಆರದಿರೋ ಎರಕ." ಆಮೇಲೆ ದುರ್ಗಮ್ಮನ ಮುಖ ನೋಡಿ ಕೇಳಿದರು. "ಕಾಲಿಗೆ ಏನಿತ್ತಮ್ಮ? ಬೂಟು?"

"ಹವಾಯಿ ಚಪ್ಪಲಿ, ಅಪ್ಪಾರೇ. ನಮ್ಗೆಲ್ಲ ಅದೇ."

"ಬಿಸಿ ಮರಳಿಗೆ ಚಪ್ಪಲೀಲಿ ಇಳಿಸ್ತಾನಾ?" ಅವರ ದನಿ ಮಿಲ್ಲಿನ ಸದ್ದಿನ ಮೇಲೆ ಕೂಗಿ ಪಳಗಿದ ದನಿ. ಈಗ ಅದು ಅಷ್ಟೂ ಹೊರಗೆ ಬಂತು. "ಲೇ! ಬೂಟಿಲ್ದೆ ನೀನು ಒಂದು ದಿನ ಒಳಗೆ ಕಾಲಿಟ್ಟಿದ್ಯೇನೋ? ನಾನು ಬಿಡ್ತಿದ್ನಾ ನಿನ್ನ? ಬೂಟು ಕೊಡೋ ತನಕ ಮಿಲ್ ನಿಲ್ಸಿ ಗೇಟಲ್ಲಿ ಕೂತಿದ್ವಲ್ಲ, ನನ್ನ ಪಕ್ಕ ಕೂತು ಘೋಷಣೆ ಕೂಗ್ದೋನು ನೀನೇ ಅಲ್ವೇನೋ? ಆ ಬೂಟು ಹಾಕ್ಕೊಂಡು ಉದ್ಧಾರವಾಗಿ, ಈ ಹೆಣ್ಮಕ್ಕಳನ್ನ ಬರಿಗಾಲಲ್ಲಿ ಬೆಂಕಿಗೆ ಇಳಿಸ್ತೀಯಾ?"

"ಅವ್ರು ಪರ್ಮನೆಂಟ್ ಅಲ್ಲ ಅಣ್ಣ, ಗುತ್ತಿಗೆ..."

"ಕಾಲು ಪರ್ಮನೆಂಟ್ ಅಲ್ವೇನೋ ಅವ್ಳಿಗೆ?"

ಆಲ್ಕೊಳ ಮತ್ತೆ ಭೋರ್ಗರೆಯಿತು. ಆಗಲೇ ಓಂಕಾರಪ್ಪನವರು ತಲೆಯೆತ್ತಿ, ಸೊಸೆಯ ಎದೆಯ ಮೇಲಿನ ಪರದೆಯಲ್ಲಿ ತಮ್ಮನ್ನೇ ನೋಡುತ್ತಿದ್ದ ಜನರನ್ನು ಕಂಡರು. ಒಂದು ಕ್ಷಣ ಕಕ್ಕಾಬಿಕ್ಕಿಯಾದರು. ಬನಿಯನ್ನಿನ ಮೇಲೆ ಟವೆಲು ಎಳೆದುಕೊಂಡರು.

ಏಕಾಂತಪ್ಪ ಚಪ್ಪಲಿ ಮೆಟ್ಟುವುದಕ್ಕೂ ನಿಲ್ಲದೆ, ಕೈಯಲ್ಲಿ 'ನೋಡ್ಕೋತೀನಿ' ಅನ್ನುವ ಸನ್ನೆ ಮಾಡುತ್ತ ಬಾಗಿಲು ದಾಟಿದ. ಯಾರೂ ಅವನನ್ನು ತಡೆಯಲಿಲ್ಲ. ಅವನು ಹೇಳಬೇಕಾದ್ದು ಹೇಳಿಯಾಗಿತ್ತು.

"ಕೂತ್ಕೊಳ್ಳಮ್ಮ" ಎಂದರು ಓಂಕಾರಪ್ಪ. ಬೆತ್ತದ ಕುರ್ಚಿಯನ್ನು ತೋರಿಸಲಿಲ್ಲ. ಅದು ಅವನು ಕೂತದ್ದು. ತಮ್ಮ ಆರಾಮ ಕುರ್ಚಿಯನ್ನೇ ತೋರಿಸಿದರು. ತೋರಿಸುವಾಗ ಅವರ ಕೈ ಕೊಂಚ ತಡೆದದ್ದನ್ನು ದಾಕ್ಷಾಯಣಿ ಕಂಡಳು. ಒಂದು ಮಧ್ಯಾಹ್ನದಲ್ಲಿ ಕರಗುವ ಸರಕಲ್ಲ ಅದು. ಆದರೂ ಕೈ ಹಿಂದೆ ಹೋಗಲಿಲ್ಲ.

ದುರ್ಗಮ್ಮ ಕೂತಳು. ಸುಪ್ರಿಯಾ ಟೆಲಿಫೋನ್ ಸ್ಟೂಲನ್ನು ಎಳೆದು ಅದರ ಮೇಲೆ ಅವಳ ಪಾದ ಎತ್ತಿಟ್ಟಳು. ದಾಕ್ಷಾಯಣಿ ನೆಲಕ್ಕೆ ಮಂಡಿಯೂರಿ, ಮುಖವೂ ಕಾಲೂ ಎರಡೂ ಕಾಣುವ ಹಾಗೆ ಲ್ಯಾಪ್‌ಟಾಪನ್ನು ಹಿಡಿದಳು. ಪರದೆ ನಿಚ್ಚಳವಾಗಿತ್ತು. ಆಲ್ಕೊಳದ ಹೆಂಗಸರು ಗದ್ದಲ ನಿಲ್ಲಿಸಿ ಮುಂದಕ್ಕೆ ಬಾಗಿದ್ದರು.

"ಹೇಳಿ ದುರ್ಗಮ್ಮ" ಎಂದರು ನ್ಯಾಯಾಧೀಶರು. "ಅವಸರ ಇಲ್ಲ. ಮೊದಲಿಂದ ಹೇಳಿ."

"ಹೇಳ್ತೀನಿ ಸ್ವಾಮಿ. ನಂದೊಬ್ಬಳದೇ ಅಲ್ಲ, ಜರಡಿ ಹಿಡಿಯೋ ಎಲ್ಲಾರ್ದೂ ಹೇಳ್ತೀನಿ." ದುರ್ಗಮ್ಮ ಗಂಟಲು ಸರಿಮಾಡಿಕೊಂಡಳು. ಫ್ಯಾನಿನ ಗಾಳಿ ಅವಳ ದನಿಯನ್ನು ಹಾರಿಸಿಕೊಂಡು ಹೋಗುತ್ತಿತ್ತು. ತಲೆಯೆತ್ತಿ ನೋಡಿ, "ಅದನ್ನ ಯಾರಾದ್ರೂ ಸ್ವಲ್ಪ ಆರ್ಸಿ. ನನ್ನ ಮಾತು ಅಲ್ಲಿಗೆ ಸರಿಯಾಗಿ ಕೇಳ್ಬೇಕು" ಎಂದಳು.

ಓಂಕಾರಪ್ಪ ಎದ್ದು ಹೋಗಿ ಫ್ಯಾನು ಆರಿಸಿದರು.